ಟ್ರೈನರ್ ಮುಂದೆ ನಿಲ್ಲೋಕೇ ನಾಚಿಕೆ, ಎರಡು ಕ್ಲಾಸ್ ತಪ್ಪಿಸಿಕೊಂಡೆ. ನಿಮಗೂ ಹೀಗೆ ಆಗಿತ್ತಾ?

ಕೆರೆ_ಸುತ್ತು ಕೇಳಿದ್ದು:

ನನಗೆ 41 ವರ್ಷ, ಊರು ಮೈಸೂರು. ಎತ್ತರ 5 ಅಡಿ 2 ಇಂಚು, ತೂಕ 86 ಕೆಜಿ. ನಂಬರ್ ಮೊದಲೇ ಹೇಳಿಬಿಟ್ಟೆ, ಯಾಕೆಂದರೆ ರಗಳೆಯೆಲ್ಲ ಅದರದೇ.

ಜೂನ್‌ನಲ್ಲಿ ರಕ್ತ ಪರೀಕ್ಷೆ ಮಾಡಿಸಿದೆ. ರಕ್ತದಲ್ಲಿನ ಸಕ್ಕರೆ ತೋರಿಸುವ ಎಚ್‌ಬಿಎ1ಸಿ 6.2 ಬಂತು. "ಇದನ್ನ ಇನ್ನೂ ಶುಗರ್ ಅನ್ನಲ್ಲಮ್ಮ, ಆದ್ರೆ 6.5 ಮುಟ್ಟಿದ್ರೆ ಅಂತೀವಿ. ವಾಕಿಂಗ್ ಒಂದೇ ಸಾಲಲ್ಲ, ವಾರಕ್ಕೆ ಎರಡು ದಿನ ಭಾರ ಎತ್ತೋದೂ ಶುರು ಮಾಡಿ" ಅಂದರು ಡಾಕ್ಟರ್. ನಾನು ನಾಲ್ಕು ವರ್ಷದಿಂದ ಕುಕ್ಕರಹಳ್ಳಿ ಕೆರೆ ಸುತ್ತುತ್ತಿದ್ದೇನೆ. ಸುತ್ತಿ ಬಂದು ಬೆಣ್ಣೆ ದೋಸೆ ತಿನ್ನುತ್ತೇನೆ, ಅದು ಬೇರೆ ವಿಷಯ. ಸರಿ ಅಂತ ಮನೆ ಹತ್ತಿರದ ಜಿಮ್‌ನಲ್ಲಿ ಪರ್ಸನಲ್ ಟ್ರೈನಿಂಗ್‌ಗೆ ಸೇರಿದೆ. 12 ಕ್ಲಾಸಿಗೆ 9,600 ರೂಪಾಯಿ. ಕಟ್ಟಿದ್ದೂ ಆಯಿತು.

ಟ್ರೈನರ್ ಇಪ್ಪತ್ತೈದು ಇಪ್ಪತ್ತಾರರ ಹುಡುಗ. ಒಳ್ಳೆಯವನೇ, ಮಾತೆತ್ತಿದರೆ ಮೇಡಂ ಅನ್ನುತ್ತಾನೆ. ಮೊದಲ ದಿನ ರಿಸೆಪ್ಷನ್ ಪಕ್ಕದಲ್ಲೇ ಇರುವ ತಕ್ಕಡಿ ಮೇಲೆ ನಿಲ್ಲಿಸಿದ. ಅಲ್ಲಿದ್ದ ಹುಡುಗಿ ಬರೆದುಕೊಳ್ಳಬೇಕಲ್ಲ, ಅದಕ್ಕೆ "ಎಂಬತ್ತಾರು ಪಾಯಿಂಟ್ ನಾಲ್ಕು" ಅಂತ ಕೂಗಿ ಹೇಳಿದ. ಬಸ್ ಸ್ಟ್ಯಾಂಡ್‌ನಲ್ಲಿ ಪ್ಲಾಟ್‌ಫಾರಂ ನಂಬರ್ ಹೇಳಿದ ಹಾಗೆ. ಆಮೇಲೆ ಹೊಟ್ಟೆಗೆ ಟೇಪ್ ಸುತ್ತಿದ. ನಾನು ಗೊತ್ತಿಲ್ಲದೇ ಉಸಿರು ಒಳಗೆ ಎಳೆದುಕೊಂಡಿದ್ದೆ. "ಮೇಡಂ, ಉಸಿರು ಬಿಡಿ" ಅಂದ. ಬಿಟ್ಟೆ. ಟೇಪ್ ಎಷ್ಟು ಸಡಿಲ ಮಾಡಬೇಕಾಯಿತು ಅನ್ನೋದು ಇಬ್ಬರಿಗೂ ಕಾಣಿಸಿತು.

ಅಲ್ಲಿ ಮೂರು ಗೋಡೆಗೂ ಕನ್ನಡಿ. ನನ್ನ ಬೆನ್ನು ಹೇಗಿದೆ ಅಂತ ನಾನು ನೋಡಿಯೇ ಎಷ್ಟೋ ವರ್ಷ ಆಗಿತ್ತು. ಬ್ರಾ ಪಟ್ಟಿಯ ಮೇಲೊಂದು ಮಡಿಕೆ, ಕೆಳಗೊಂದು ಮಡಿಕೆ. ಕೊನೆಗೆ ಮ್ಯಾಟ್ ಮೇಲೆ ಮಲಗಿ ಏನೋ ಮಾಡಿಸಿ "ಎದ್ದೇಳಿ ಮೇಡಂ" ಅಂದ. ಏಳಬೇಕಲ್ಲ. ಒಂದು ಕೈ ನೆಲಕ್ಕೆ, ಒಂದು ಕೈ ಮಂಡಿಗೆ, ಬಾಯಲ್ಲಿ "ಅಯ್ಯಪ್ಪಾ". ಪಾಪ, ಅವನು ಕೈ ಕೊಟ್ಟ. ನಾನು ಹಿಡಿಯಲಿಲ್ಲ, ನಗುತ್ತಾ ಎದ್ದೆ. ಹೊರಗೆ ಬಂದು ಸ್ಕೂಟರ್ ಮೇಲೆ ಕೂತು ಹೆಲ್ಮೆಟ್ ಹಾಕಿಕೊಂಡು ಅತ್ತುಬಿಟ್ಟೆ. ಹೆಲ್ಮೆಟ್‌ಗೆ ಈ ಉಪಯೋಗವೂ ಇದೆ ಅಂತ ಆವತ್ತೇ ಗೊತ್ತಾಗಿದ್ದು.

ಆಮೇಲಿನ ಎರಡು ಕ್ಲಾಸ್ ತಪ್ಪಿಸಿದೆ. ಒಂದು ಸಲ ಅತ್ತೆಗೆ ಹುಷಾರಿಲ್ಲ ಅಂದೆ, ಇನ್ನೊಂದು ಸಲ ಮನೆಗೆ ನೆಂಟರು ಬಂದಿದ್ದಾರೆ ಅಂದೆ. ನೆಂಟರೂ ಇಲ್ಲ ಏನೂ ಇಲ್ಲ. ಅತ್ತೆ ಸೋಫಾ ಮೇಲೆ ಗುಂಡುಕಲ್ಲಿನ ಹಾಗೆ ಕೂತು ಚಕ್ಕುಲಿ ತಿನ್ನುತ್ತಿದ್ದರು.

ಇದು ನನ್ನೊಬ್ಬಳ ಹುಚ್ಚಾ? ಮೊದಲು ಎಂಟು ಹತ್ತು ಕೆಜಿ ವಾಕಿಂಗ್‌ನಲ್ಲೇ ಇಳಿಸಿಕೊಂಡು ಆಮೇಲೆ ಹೋದರೆ ವಾಸಿನಾ? ತಕ್ಕಡಿ ಬೇಡ, ಟೇಪ್ ಬೇಡ ಅಂತ ಹೇಳಬಹುದಾ, ಅಥವಾ ಅದು ಅವರ ರೂಲ್ಸಾ? ಇನ್ನೊಂದು, ಜಿಮ್‌ನ ಇನ್‌ಸ್ಟಾಗ್ರಾಂಗೆ "ಬಿಫೋರ್" ಫೋಟೋ ಬೇಕು ಅಂತ ಕೇಳಿದ್ದಾನೆ. ಮುಂದಿನ ವಾರ ಅಂತ ತಳ್ಳಿದ್ದೇನೆ. ನಮ್ಮವರನ್ನು ಕೇಳಿದರೆ, "ಅವನು ದಿನಾ ಎಷ್ಟೋ ಜನರನ್ನ ನೋಡ್ತಾನೆ, ನಿನ್ನನ್ಯಾಕೆ ನೋಡ್ತಾನೆ" ಅಂದರು. ಇದು ಸಮಾಧಾನವೋ ಬೈಗುಳವೋ ಇನ್ನೂ ಗೊತ್ತಾಗಿಲ್ಲ.

---

ಪುಂಡಿಪಲ್ಯ_ರೊಟ್ಟಿ ಉತ್ತರ:

ತಂಗಿ, ನಾನು ಹುಬ್ಬಳ್ಳಿಯವಳು, 53 ವರ್ಷ. ತೂಕ ಇಳಿಸಿಕೊಂಡು ಆಮೇಲೆ ಜಿಮ್‌ಗೆ ಹೋಗುತ್ತೇನೆ ಅನ್ನೋದು, ಪಾತ್ರೆ ತೊಳೆಯುವವಳು ಬರುವ ಮೊದಲು ನಾವೇ ಪಾತ್ರೆ ತೊಳೆದಿಟ್ಟ ಹಾಗೆ. ನಗುತ್ತಿಲ್ಲ, ನಾನೂ ಹಾಗೆ ತೊಳೆದಿಟ್ಟವಳೇ. ಎರಡು ವರ್ಷ ತೊಳೆದೆ, ಒಂದು ಕೆಜಿ ಇಳಿಯಲಿಲ್ಲ, ಮಂಡಿ ನೋವು ಮಾತ್ರ ಜಾಸ್ತಿ ಆಯಿತು.

ಬಟ್ಟೆ ವಿಷಯಕ್ಕೆ ಬರೋಣ. ನನ್ನ ಅರ್ಧ ನಾಚಿಕೆ ಇದ್ದದ್ದೇ ಅಲ್ಲಿ. ಹುಟ್ಟಿದಾಗಿನಿಂದ ಸೀರೆ, ಮನೇಲಿ ನೈಟಿ. 51ನೇ ವಯಸ್ಸಿನಲ್ಲಿ ಮೊದಲ ಸಲ ಟ್ರ್ಯಾಕ್ ಪ್ಯಾಂಟ್ ಹಾಕಿದೆ. ಓಣಿಯ ಜನ ಏನಂತಾರೋ ಅಂತ ಮೇಲೆ ಚೂಡಿದಾರ್ ಹಾಕಿಕೊಂಡು ಹೋಗಿ ಅಲ್ಲಿ ಬಿಚ್ಚಿಡುತ್ತಿದ್ದೆ. ಹಳೇ ಕಾಟನ್ ಕುರ್ತಾ ಮೈ ಮುಚ್ಚುತ್ತದೆ ಅಂದುಕೊಳ್ಳಬೇಡ, ಬೆವರಿಗೆ ನೆನೆದು ಎಲ್ಲಾ ಕಡೆ ಅಂಟಿಕೊಂಡು ಇರೋದಕ್ಕಿಂತ ಜಾಸ್ತಿ ತೋರಿಸುತ್ತದೆ. ಆಟದವರು ಹಾಕುತ್ತಾರಲ್ಲ, ಬೇಗ ಒಣಗುವ ತೆಳು ಬಟ್ಟೆ, ಅದರಲ್ಲಿ ತೊಡೆವರೆಗೆ ಬರುವ ಟೀಶರ್ಟ್ ತಗೋ. ಕಪ್ಪು, ನೀಲಿ, ಇಲ್ಲದಿದ್ದರೆ ಸಣ್ಣ ಪ್ರಿಂಟ್ ಇರೋದು. ಬೂದು ಬಣ್ಣ ಬೇಡವೇ ಬೇಡ, ಬೆವರಿನ ನಕ್ಷೆ ಬಿಡಿಸುತ್ತದೆ. ಬಗ್ಗಿ ತೂಕ ಎತ್ತುವಾಗ ಕತ್ತು ಅಗಲ ಇರುವ ಟೀಶರ್ಟ್ ಜೋಲುತ್ತದೆ, ಆಗ ಗಮನ ಎಲ್ಲಾ ಎದೆ ಮುಚ್ಚಿಕೊಳ್ಳೋದರಲ್ಲೇ ಹೋಗುತ್ತದೆ, ಸೊಂಟ ಹಿಡಿದುಕೊಳ್ಳುತ್ತದೆ. ಕತ್ತು ಮುಚ್ಚಿರಲಿ. ಒಳಗೆ ಗಟ್ಟಿಯಾದ ಸ್ಪೋರ್ಟ್ಸ್ ಬ್ರಾ, ಅದಕ್ಕೆ ಮಾತ್ರ ಕಂಜೂಸ್ ಮಾಡಬೇಡ. ತೊಡೆ ಉಜ್ಜಿ ಉರಿಯುತ್ತಿದ್ದರೆ ಒಳಗೊಂದು ಸೈಕ್ಲಿಂಗ್ ಶಾರ್ಟ್ಸ್. ವೇಲ್ ಹಾಕಿಕೊಂಡು ಟ್ರೆಡ್‌ಮಿಲ್ ಹತ್ತಬೇಡ. ಸಿಕ್ಕಿಕೊಂಡರೆ ನೇರ ಕುತ್ತಿಗೆಗೇ ಬರುತ್ತದೆ.

ಸಮಯ ಬದಲಾಯಿಸು. ಬೆಳಿಗ್ಗೆ ಆರರಿಂದ ಒಂಬತ್ತು, ಸಂಜೆ ಆರರ ನಂತರ ಜಾತ್ರೆ. ಹನ್ನೊಂದು ಗಂಟೆಗೆ ಹೋದರೆ ಕಸ ಗುಡಿಸುವವರು ಮತ್ತು ನಾವು ಅಷ್ಟೇ.

ಇನ್ನು ನೆಲದಿಂದ ಏಳೋದು. ಅದನ್ನು ಓದಿ ನನಗೆ ಎದೆ ಹಿಂಡಿತು ಯಾಕೆಂದರೆ ನಾನೂ ಬೆಂಚ್ ಹಿಡಿದು, ಗೋಡೆ ಹಿಡಿದು, ಒಂದು ಸಲ ಟ್ರೈನರ್ ಹುಡುಗಿಯ ಪ್ಯಾಂಟ್ ಹಿಡಿದು ಎದ್ದಿದ್ದೇನೆ. ಕೊನೆಗೆ ನಾನೇ ಕೇಳಿದೆ, ಬೇರೆ ಏನೂ ಬೇಡ ಮಾರಾಯ್ತಿ, ಮೊದಲು ನೆಲದಿಂದ ಏಳೋದು ಕಲಿಸು ಅಂತ. ಅದಕ್ಕೊಂದು ಕ್ರಮ ಇದೆ. ಪಕ್ಕಕ್ಕೆ ಹೊರಳಿ, ಅಂಬೆಗಾಲಿಗೆ ಬಂದು, ಒಂದು ಪಾದ ಮುಂದೆ ಊರಿ, ಆ ಹಿಮ್ಮಡಿಗೆ ಭಾರ ಹಾಕಿ ಮೇಲೇಳಬೇಕು. ನನಗೆ ಏಳು ವಾರ ಹಿಡಿಯಿತು. ಹೋದ ತಿಂಗಳು ಮಠದಲ್ಲಿ ಪಂಕ್ತಿಯಲ್ಲಿ ನೆಲಕ್ಕೆ ಕೂತು ಉಂಡು ಯಾರ ಹೆಗಲೂ ಹಿಡಿಯದೇ ಎದ್ದೆ. ಪಕ್ಕದವರಿಗೆ ಏನೂ ಗೊತ್ತಾಗಲಿಲ್ಲ, ನಾನೊಬ್ಬಳೇ ಒಳಗೊಳಗೆ ಚಪ್ಪಾಳೆ ಹೊಡೆದುಕೊಂಡೆ.

---

ಸುಮ್ನೆ_ಕೇಳ್ದೆ ಉತ್ತರ:

9,600 ದಂಡ. ಮನೇಲೇ ಸೂರ್ಯನಮಸ್ಕಾರ ಮಾಡಿ. ನಮ್ಮಜ್ಜಿ ರಾಗಿ ಬೀಸಿಕೊಂಡು 90 ವರ್ಷ ಗಟ್ಟಿಯಾಗಿದ್ದರು, ಯಾವ ಟ್ರೈನರೂ ಇರಲಿಲ್ಲ.

ಪುಂಡಿಪಲ್ಯ_ರೊಟ್ಟಿ ಉತ್ತರ:

ನಿಮ್ಮಜ್ಜಿಯನ್ನು ಯಾರೂ ತಕ್ಕಡಿ ಮೇಲೆ ನಿಲ್ಲಿಸಿ ಕೂಗಿರಲಿಲ್ಲ ಸರ್. ಆಮೇಲೆ ನೀವು ರಾಗಿ ಬೀಸುತ್ತೀರೋ, ಮಿಲ್‌ಗೆ ಕೊಡುತ್ತೀರೋ?

---

ಕಬ್ಬಿಣ_ಎತ್ತೋನು ಉತ್ತರ:

ನಾನು ಟ್ರೈನರ್. ಬೆಂಗಳೂರಿನಲ್ಲಿ 9 ವರ್ಷದಿಂದ ಇದೇ ಕೆಲಸ. ಉದ್ದ ಆಗುತ್ತೆ, ಬೇಜಾರು ಮಾಡ್ಕೋಬೇಡಿ.

"ಟ್ರೈನರ್ ನಿಮ್ಮ ಮೈ ನೋಡೋದೇ ಇಲ್ಲ" ಅಂತ ಯಾರಾದರೂ ಹೇಳಿದರೆ ನಂಬಬೇಡಿ. ನೋಡುತ್ತೇವೆ, ನೋಡೋದೇ ಕೆಲಸ. ಆದರೆ ನೀವು ಕನ್ನಡಿಯಲ್ಲಿ ನೋಡಿಕೊಂಡದ್ದನ್ನು ನಾವು ನೋಡುತ್ತಿರುವುದಿಲ್ಲ. ಮೊನ್ನೆ ಸೇರಿದ ಒಬ್ಬರ ಬಗ್ಗೆ ನನ್ನ ನೋಟ್‌ಬುಕ್ಕಿನಲ್ಲಿ ಇರೋದು ಇಷ್ಟು: ಕೂರುವಾಗ ಬಲ ಮಂಡಿ ಒಳಕ್ಕೆ ವಾಲುತ್ತೆ, ಹಿಮ್ಮಡಿ ಏಳುತ್ತೆ, ಎಡಗೈ ಕಿವಿ ಪಕ್ಕಕ್ಕೆ ಬರಲ್ಲ, ಭಾರ ಎತ್ತುವಾಗ ಉಸಿರು ಕಟ್ಟುತ್ತಾರೆ, ಬಿಪಿ ಮಾತ್ರೆ ಇದೆ. ಅವರು ದಪ್ಪಗಿದ್ದಾರೋ ಸಣ್ಣಗಿದ್ದಾರೋ ಅದರಲ್ಲಿ ಇಲ್ಲ. ನೀವು ಬ್ಲೌಸ್ ಹೊಲಿಸುವಾಗ ಟೈಲರ್‌ಗೆ ಅಳತೆ ಕೊಡುತ್ತೀರಲ್ಲ, ಅವರಿಗೆ ಬೇಕಿರೋದು ತೋಳಿನ ಸುತ್ತಳತೆ ಎಷ್ಟು ಅನ್ನೋದು. ನಮ್ಮದೂ ಹಾಗೇ.

ಆದರೂ ನಿಮ್ಮ ಟ್ರೈನರ್ ತಪ್ಪು ಮಾಡಿದ್ದಾನೆ. ಅಂಕಿ ಕೂಗಿ ಹೇಳಬಾರದಿತ್ತು. ನಾನೂ ಮಾಡಿದ್ದೇನೆ ಈ ತಪ್ಪು. ಶುರುವಿನಲ್ಲಿ ಒಬ್ಬರು ಬ್ಯಾಂಕ್ ಮೇಡಂ ಬಂದಿದ್ದರು, ತೂಕ ನೋಡಿ "ಪರವಾಗಿಲ್ಲ ಮೇಡಂ, ನೂರು ದಾಟಿಲ್ಲ" ಅಂದೆ. ಧೈರ್ಯ ಹೇಳಿದೆ ಅಂದುಕೊಂಡಿದ್ದೆ. ಮೂರು ತಿಂಗಳ ದುಡ್ಡು ಕಟ್ಟಿದ್ದವರು ಮಾರನೇ ದಿನದಿಂದ ಬರಲೇ ಇಲ್ಲ, ಫೋನೂ ಎತ್ತಲಿಲ್ಲ. ಯಾಕೆ ಅಂತ ನನಗೆ ಅರ್ಥ ಆಗೋಕೆ ಒಂದು ವರ್ಷ ಬೇಕಾಯಿತು. ಈಗ ತಕ್ಕಡಿಯನ್ನು ಒಳಗಿನ ರೂಮಿಗೆ ಹಾಕಿದ್ದೇನೆ. ಬೇಕಾದವರು ಅವರೇ ಹತ್ತಿ, ಅವರೇ ಬರೆದುಕೊಳ್ಳುತ್ತಾರೆ.

ತಕ್ಕಡಿ ಬೇಡ ಅಂತ ಖಂಡಿತ ಹೇಳಬಹುದು. ನನಗೆ ಮೊದಲ ದಿನ ಬೇಕಿರೋದು ತೂಕಕ್ಕಿಂತ ಬೇರೆ ಮಾಹಿತಿ. ಎದೆ ನೋವು ಬಂದಿದೆಯಾ, ತಲೆ ಸುತ್ತಿ ಬಿದ್ದಿದ್ದೀರಾ, ಬಿಪಿ ಎಷ್ಟು, ಯಾವ ಮಾತ್ರೆ, ಯಾವ ಆಪರೇಷನ್ ಆಗಿದೆ. ಇದನ್ನು ಕೇಳದೇ ಸೀದಾ ತೂಕ ನೋಡುವ ಟ್ರೈನರ್ ಬಗ್ಗೆ ಸ್ವಲ್ಪ ಹುಷಾರು. ನಮ್ಮ ದೇಶದಲ್ಲಿ ಟ್ರೈನರ್ ಆಗೋಕೆ ಸರ್ಕಾರದ ಲೈಸೆನ್ಸ್ ಏನೂ ಬೇಕಿಲ್ಲ, ತೋಳು ಚೆನ್ನಾಗಿದ್ದರೆ ಸಾಕು ಅನ್ನೋ ಜಿಮ್‌ಗಳಿವೆ. ಏನು ಓದಿದ್ದೀರಿ, ಯಾವ ಸರ್ಟಿಫಿಕೇಟ್ ಇದೆ ಅಂತ ಕೇಳಿ. ಕೇಳಿದರೆ ಸಿಟ್ಟಾಗುವವನು ಬೇಡ.

ಟೇಪ್‌ಗೆ ಮಾತ್ರ ಒಂದು ಅರ್ಥ ಇದೆ. ನಮ್ಮ ಕಡೆಯ ಜನರಿಗೆ ಸೊಂಟದ ಸುತ್ತಳತೆ ಹೆಂಗಸರಲ್ಲಿ 80, ಗಂಡಸರಲ್ಲಿ 90 ಸೆಂಟಿಮೀಟರ್ ದಾಟಿದರೆ ಶುಗರ್, ಹೃದಯದ ತೊಂದರೆಯ ಅಪಾಯ ಜಾಸ್ತಿ ಅಂತ ಡಾಕ್ಟರುಗಳು ನೋಡುತ್ತಾರೆ. ಒಟ್ಟು ತೂಕಕ್ಕಿಂತ ಹೊಟ್ಟೆಯ ಒಳಗಿನ ಕೊಬ್ಬು ಜಾಸ್ತಿ ಕಿತಾಪತಿ. ಆದರೆ ಅದನ್ನು ಟ್ರೈನರೇ ಅಳೆಯಬೇಕು ಅಂತ ಎಲ್ಲಿದೆ? ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ, ಮನೇಲಿ, ಬಾಗಿಲು ಹಾಕಿಕೊಂಡು, ಕೆಳಗಿನ ಪಕ್ಕೆಲುಬು ಮತ್ತು ಸೊಂಟದ ಮೂಳೆಯ ನಡುವೆ ಟೇಪ್ ಇಟ್ಟು, ಉಸಿರು ಬಿಟ್ಟು ನೋಡಿ. ತಿಂಗಳಿಗೆ ಒಂದು ಸಲ ಸಾಕು. ಕೈಕಾಲು ಇಟ್ಟು ನಿಂತರೆ ಕೊಬ್ಬು ಇಷ್ಟು, ನೀರು ಇಷ್ಟು ಅಂತ ಚೀಟಿ ಕೊಡುವ ಮಷಿನ್ ಇದ್ದರೆ ಅದನ್ನು ತಲೆಗೆ ಹಚ್ಚಿಕೊಳ್ಳಬೇಡಿ. ನೀವು ನೀರು ಕುಡಿದು ನಿಂತರೆ ಒಂದು, ಕುಡಿಯದೇ ನಿಂತರೆ ಒಂದು ಹೇಳುತ್ತದೆ.

ಫೋಟೋ ಬೇಡ ಅಂದರೆ ಬೇಡ. ಅದು ಅವರ ಜಾಹೀರಾತು, ನಿಮ್ಮ ವ್ಯಾಯಾಮಕ್ಕೂ ಅದಕ್ಕೂ ಸಂಬಂಧವೇ ಇಲ್ಲ. ಸೇರುವಾಗ ಸಹಿ ಹಾಕಿದ ಫಾರಂ ಒಂದು ಸಲ ತೆಗೆದು ಓದಿ. ಫೋಟೋ, ವಿಡಿಯೋ ಬಳಸಿಕೊಳ್ಳಬಹುದು ಅಂತ ಕೆಳಗಡೆ ಸಣ್ಣ ಅಕ್ಷರದಲ್ಲಿ ಕೆಲವರು ಸೇರಿಸಿರುತ್ತಾರೆ. ಇದ್ದರೆ, ಒಪ್ಪಿಗೆ ಇಲ್ಲ ಅಂತ ವಾಟ್ಸಾಪ್‌ನಲ್ಲಿ ಬರೆದು ಕಳಿಸಿ, ದಾಖಲೆ ಇರಲಿ. ನಿಮ್ಮ ನಿಜವಾದ ಬಿಫೋರ್ ಆಫ್ಟರ್ ಯಾವುದು ಗೊತ್ತಾ? ಎಚ್‌ಬಿಎ1ಸಿ. ಅದು ಸುಮಾರು ಮೂರು ತಿಂಗಳ ಸರಾಸರಿ ಹೇಳುವ ಪರೀಕ್ಷೆ. ಜೂನ್‌ನ 6.2 ಪಕ್ಕದಲ್ಲಿ ಮುಂದಿನದನ್ನು ಇಟ್ಟು ನೋಡಿ.

ಮೊದಲು ತೂಕ ಇಳಿಸಿ ಆಮೇಲೆ ಬರುತ್ತೇನೆ ಅನ್ನೋದಕ್ಕೆ ಅಕ್ಕ ಹೇಳಿದ ಪಾತ್ರೆ ಮಾತೇ ಸಾಕು, ನಾನು ಒಂದೇ ಒಂದು ಸೇರಿಸುತ್ತೇನೆ. ಸಕ್ಕರೆಯನ್ನು ಜಾಸ್ತಿ ಬಳಸಿಕೊಳ್ಳೋದು ಮಾಂಸಖಂಡ. ಅದಕ್ಕೆ ಕೆಲಸ ಕೊಟ್ಟರೆ, ತಕ್ಕಡಿ ಅಲ್ಲಾಡದೇ ಇದ್ದರೂ ಶುಗರ್‌ಗೆ ಉಪಕಾರ ಆಗುತ್ತದೆ. ನಿಮ್ಮ ಡಾಕ್ಟರ್ ಸುಮ್ನೆ ಹೇಳಿಲ್ಲ. ವಾರಕ್ಕೆ 150 ನಿಮಿಷ ಚುರುಕು ನಡಿಗೆಯಂಥದ್ದು, ಜೊತೆಗೆ ಎರಡು ದಿನ ಭಾರ ಎತ್ತುವಂಥದ್ದು ಅಂತ ವಿಶ್ವ ಆರೋಗ್ಯ ಸಂಸ್ಥೆಯೂ ಹೇಳುತ್ತದೆ. ಕೆರೆ ಸುತ್ತೋದು ಬಿಡಬೇಡಿ. ದೋಸೆ ವಿಚಾರ ನಾನು ಮಾತಾಡಲ್ಲ.

ಇನ್ನೊಂದು ಯಾರೂ ಕೇಳಿಲ್ಲ, ನಾನೇ ಹೇಳುತ್ತೇನೆ. ಮುಟ್ಟೋದು. ಭಂಗಿ ಸರಿ ಮಾಡೋಕೆ ಮುಟ್ಟಲೇಬೇಕು ಅಂತೇನಿಲ್ಲ. ನಾನು ಮೊದಲು ನನ್ನ ಮೈಮೇಲೆ ತೋರಿಸುತ್ತೇನೆ, ಆಮೇಲೆ ಬಾಯಲ್ಲಿ ಹೇಳುತ್ತೇನೆ, ಅದೂ ಆಗದಿದ್ದರೆ ಕೇಳಿ ಒಂದು ಬೆರಳಲ್ಲಿ ಬೆನ್ನು ಮುಟ್ಟಿ ತೋರಿಸುತ್ತೇನೆ. ಕೇಳದೇ ಮುಟ್ಟಿದರೆ "ಬೇಡ" ಅನ್ನಿ. ಎರಡನೇ ಸಲವೂ ಮುಟ್ಟಿದರೆ ಟ್ರೈನರ್ ಬದಲಾಯಿಸಿ. "ಈ ಹೊಟ್ಟೆ ಕರಗಿಸಿಬಿಡೋಣ ಮೇಡಂ" ಅನ್ನುವವನನ್ನೂ ಬದಲಾಯಿಸಿ, ಯಾಕೆಂದರೆ ಅವನಿಗೆ ಮರ್ಯಾದೆಯೂ ಗೊತ್ತಿಲ್ಲ, ವಿಷಯವೂ ಗೊತ್ತಿಲ್ಲ. ಒಂದೇ ಜಾಗದ ಕೊಬ್ಬನ್ನು ಆರಿಸಿ ಕರಗಿಸೋ ವ್ಯಾಯಾಮ ಯಾವುದೂ ಇಲ್ಲ.

---

ಕಡ್ಡಿ_ಪೈಲ್ವಾನ್ ಉತ್ತರ:

ದಪ್ಪ ಇರೋರಿಗೆ ಮಾತ್ರ ಈ ಕಷ್ಟ ಅಂತ ಎಲ್ಲರೂ ಅಂದುಕೊಂಡಿದ್ದಾರೆ, ಅದಕ್ಕೇ ಬರೆಯುತ್ತಿದ್ದೇನೆ. ನಾನು ಗಂಡಸು, 29 ವರ್ಷ, 5 ಅಡಿ 9 ಇಂಚು, ಜಿಮ್‌ಗೆ ಸೇರಿದಾಗ 49 ಕೆಜಿ. ಸ್ಕೂಲಿನಿಂದ ಇದೇ ಹೆಸರು, ಮೇಲೆ ನೋಡಿ. "ಫ್ಯಾನ್ ಹಾಕ್ಬೇಡ್ರೋ, ಇವ್ನು ಹಾರಿಹೋಗ್ತಾನೆ" ಅನ್ನೋ ಜೋಕನ್ನು ನಾನು ಜೀವನದಲ್ಲಿ ಎಷ್ಟು ಸಲ ಕೇಳಿದ್ದೇನೋ ಲೆಕ್ಕ ಇಲ್ಲ, ಹೇಳುವವರೆಲ್ಲ ತಾವೇ ಹೊಸದಾಗಿ ಕಂಡುಹಿಡಿದ ಹಾಗೆ ಹೇಳುತ್ತಾರೆ.

ಏಪ್ರಿಲ್ ತಿಂಗಳ ಬಿಸಿಲಲ್ಲಿ ತುಂಬು ತೋಳಿನ ಜಾಕೆಟ್ ಹಾಕಿಕೊಂಡು ಜಿಮ್‌ಗೆ ಹೋದೆ. ಟ್ರೈನರ್ ಬೆಂಚ್ ಮೇಲೆ ಮಲಗಿಸಿ ಖಾಲಿ ರಾಡ್ ಕೊಟ್ಟರು. ಆ ದೊಡ್ಡ ರಾಡ್ ಖಾಲಿ ಇದ್ದರೂ 20 ಕೆಜಿ, ಅದು ನನಗೆ ಗೊತ್ತಿರಲಿಲ್ಲ. ಎದೆ ಮೇಲೆ ಬಂದು ಕೂತಿತು, ಮೇಲೆ ಹೋಗಲಿಲ್ಲ. ಅವರೇ ಎತ್ತಿಟ್ಟು ಎರಡು ಸಣ್ಣ ಡಂಬೆಲ್ ಕೈಗೆ ಕೊಟ್ಟರು, ಗುಲಾಬಿ ಬಣ್ಣದವು. ಪಕ್ಕದಲ್ಲಿ ಒಬ್ಬರು ಆಂಟಿ, ಸುಮಾರು ನಿಮ್ಮಷ್ಟೇ ಇದ್ದರು ಅನ್ನಿಸುತ್ತೆ, ಕಾಲಲ್ಲಿ ತಳ್ಳುವ ಮಷಿನ್‌ನಲ್ಲಿ ನೂರು ಕೆಜಿ ಹಾಕಿಕೊಂಡು ಅಲುಗಾಡದೇ ತಳ್ಳುತ್ತಿದ್ದರು. ನಾನು ಹೊಟ್ಟೆ ಉರಿದುಕೊಂಡು ನೋಡುತ್ತಿದ್ದೆ. ಅವರೇನು ಅಂದುಕೊಂಡರೋ, ಟೀಶರ್ಟ್ ಕೆಳಗೆ ಎಳೆದುಕೊಂಡರು. ನಾನು ಅವರ ಬಲ ನೋಡುತ್ತಿದ್ದೆ, ಅವರಿಗೆ ನಾನು ಹೊಟ್ಟೆ ನೋಡುತ್ತಿದ್ದೇನೆ ಅನ್ನಿಸಿರಬೇಕು. ಹೇಳಬೇಕು ಅನ್ನಿಸಿತು, ಹೇಳಲಿಲ್ಲ. ಆಂಟಿ, ಓದುತ್ತಿದ್ದರೆ ಸಾರಿ.

ನಮ್ಮ ತಾತ ಮೈಸೂರಿನಲ್ಲಿ ಗರಡಿ ಮನೆಗೆ ಹೋಗುತ್ತಿದ್ದರು, ದಸರಾ ಕುಸ್ತಿ ಬಂದರೆ ಊಟ ಬಿಟ್ಟು ಓಡುತ್ತಿದ್ದರು. ನನ್ನನ್ನು ಚಿಕ್ಕವನಿದ್ದಾಗ ಒಂದೆರಡು ಸಲ ಕರೆದುಕೊಂಡು ಹೋಗಿದ್ದರು. ತಗ್ಗು ಬಾಗಿಲು, ಬಗ್ಗಿಯೇ ಒಳಗೆ ಹೋಗಬೇಕು. ಒಳಗೆ ಕತ್ತಲೆ, ಕೆಂಪು ಮಣ್ಣು, ಎಣ್ಣೆ ವಾಸನೆ. ಎಲ್ಲರೂ ಲಂಗೋಟಿಯಲ್ಲಿ. ಅಲ್ಲಿದ್ದ ಉಸ್ತಾದರಿಗೆ ಇಷ್ಟು ದೊಡ್ಡ ಹೊಟ್ಟೆ, ಹುಡುಗರನ್ನು ಎತ್ತಿ ಎತ್ತಿ ಹಾಕುತ್ತಿದ್ದರು. ನನ್ನಂಥ ಕಡ್ಡಿಯೂ ಒಬ್ಬನಿದ್ದ, ಮೀನಿನ ಹಾಗೆ ಜಾರಿಕೊಳ್ಳುತ್ತಿದ್ದ. ಹತ್ತು ನಿಮಿಷ ಆದರೆ ಎಲ್ಲರಿಗೂ ಮಣ್ಣು ಮೆತ್ತಿ ಯಾರು ಕಪ್ಪು ಯಾರು ಬಿಳಿ ಗೊತ್ತಾಗುತ್ತಿರಲಿಲ್ಲ. ಆ ಗರಡಿಯಲ್ಲಿ ನಾನು ಕನ್ನಡಿ ನೋಡಿದ ನೆನಪಿಲ್ಲ. ಹೆಂಗಸರಿಗೆ ಆ ಬಾಗಿಲು ತೆರೆದಿರಲಿಲ್ಲ, ಅದೂ ನಿಜ, ಹಾಗಾಗಿ ಹಳೇ ಕಾಲವೇ ಚೆನ್ನಾಗಿತ್ತು ಅಂತ ಹೇಳಲ್ಲ.

ಎಲ್ಲರೂ ನನ್ನನ್ನೇ ನೋಡುತ್ತಿದ್ದಾರೆ ಅನ್ನಿಸುತ್ತೆ ಅಲ್ವಾ, ಅದರ ಮೇಲೆ ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದವರು ಒಂದು ಪ್ರಯೋಗ ಮಾಡಿ 2000ರಲ್ಲಿ ಪ್ರಕಟಿಸಿದ್ದಾರೆ. ಹಾಕಿಕೊಳ್ಳೋಕೆ ಮುಜುಗರ ಆಗುವಂಥ ಒಂದು ಟೀಶರ್ಟ್ ತೊಡಿಸಿ ವಿದ್ಯಾರ್ಥಿಯನ್ನು ಜನ ಕೂತಿದ್ದ ರೂಮಿಗೆ ಕಳಿಸಿದರು. ಎಷ್ಟು ಜನ ಗಮನಿಸಿರಬಹುದು ಅಂತ ಕೇಳಿದರೆ ಹಾಕಿಕೊಂಡವರು ಹೆಚ್ಚುಕಮ್ಮಿ ಅರ್ಧ ಜನ ಅಂದರು. ನಿಜವಾಗಿ ಗಮನಿಸಿದ್ದು ಸುಮಾರು ಕಾಲು ಭಾಗ. ಅಂದರೆ ನೋಡುವವರು ಇಲ್ಲವೇ ಇಲ್ಲ ಅಂತಲ್ಲ, ನಾವು ಲೆಕ್ಕ ಹಾಕಿದ್ದರ ಅರ್ಧ. ನನಗೆ ಈ ಅರ್ಧದ ಲೆಕ್ಕವೇ ಇಷ್ಟ ಆಯಿತು, ಯಾರೂ ನೋಡಲ್ಲ ಅಂದಿದ್ದರೆ ನಂಬುತ್ತಿರಲಿಲ್ಲ.

ಈಗ 56 ಕೆಜಿ. ಜಾಕೆಟ್ ಬಿಟ್ಟಿದ್ದೇನೆ. ಗುಲಾಬಿ ಡಂಬೆಲ್ ಇನ್ನೂ ಬಿಟ್ಟಿಲ್ಲ, ಭುಜಕ್ಕೆ ಅದೇ ಸರಿ.

---

ಎರಡ್ಮಕ್ಳಮ್ಮ ಉತ್ತರ:

ಹೊಸ ಹೆಸರಿನಲ್ಲಿ ಬರೆಯುತ್ತಿದ್ದೇನೆ, ಕಾರಣ ಓದಿದರೆ ಗೊತ್ತಾಗುತ್ತೆ. ಮಂಗಳೂರು, 36, ಎರಡು ಹೆರಿಗೆ.

ಮೊದಲ ಕ್ಲಾಸ್. ಟ್ರೈನರ್ ಗಂಡಸು. ಮೈ ಬಿಸಿಯಾಗಲಿ ಅಂತ ಕೈಕಾಲು ಅಗಲಿಸಿ ನೆಗೆಯೋಕೆ ಹೇಳಿದರು, ಇಪ್ಪತ್ತು ಸಲ. ಆರನೇ ಸಲಕ್ಕೆ ಒದ್ದೆ. ಮಳೆಗಾಲದ ಸೋರುವ ಮಾಡಿನ ಹಾಗೆ, ನೆಗೆದ ಪ್ರತಿ ಸಲ ಸ್ವಲ್ಪ. ನಾನು ಹಾಕಿದ್ದು ಬೂದು ಪ್ಯಾಂಟ್. ನಾನೇನು ಮಾಡಿದೆ ಗೊತ್ತಾ, ನೀರು ಕುಡಿಯುವ ಹಾಗೆ ಮಾಡಿ ಬಾಟಲಿಯ ನೀರನ್ನು ಮಡಿಲಿಗೆ ಸುರಿದುಕೊಂಡೆ. "ಅಯ್ಯೋ ಚೆಲ್ಲಿತು" ಅಂತ ನಕ್ಕು ಮನೆಗೆ ಬಂದೆ. ಆ ಕ್ಷಣಕ್ಕೆ ಆ ಐಡಿಯಾ ಎಲ್ಲಿಂದ ಹೊಳೆಯಿತೋ.

ಐದು ತಿಂಗಳು ಹೋಗಲಿಲ್ಲ. ಅಮ್ಮನಿಗೆ ಹೇಳಿದರೆ "ಹೆತ್ತ ಮೇಲೆ ಎಲ್ಲರಿಗೂ ಅಷ್ಟೇ, ಕೆಮ್ಮುವಾಗ ಕಾಲು ಹೆಣೆದುಕೋ" ಅಂದರು. ಅಮ್ಮ ಮೂವತ್ತು ವರ್ಷ ಹಾಗೇ ಕೆಮ್ಮಿದ್ದಾರೆ ಅಂತ ಆವತ್ತು ಗೊತ್ತಾಯಿತು. ಆಮೇಲೆ ಡಾಕ್ಟರ್ ಒಬ್ಬರು ಫಿಸಿಯೋಥೆರಪಿಗೆ ಕಳಿಸಿದರು. ಹೆರಿಗೆಯಲ್ಲಿ ಕೆಳಗಿನ ಸ್ನಾಯುಗಳು ಸಡಿಲ ಆಗಿರುತ್ತವೆ, ಅವೂ ಕೈಕಾಲಿನ ಸ್ನಾಯುಗಳ ಹಾಗೇ, ಪಳಗಿಸಿದರೆ ಪಳಗುತ್ತವೆ ಅಂದರು. ಎಲ್ಲರಿಗೂ ಆಗುತ್ತೆ ನಿಜ, ಆದರೆ ಸಹಿಸಿಕೊಂಡೇ ಇರಬೇಕು ಅಂತಲ್ಲ. ಹೊಟ್ಟೆಯ ನಡುವಿನ ಸ್ನಾಯು ನನಗೆ ಎರಡು ಬೆರಳು ಅಗಲ ಬಿಟ್ಟುಕೊಂಡಿತ್ತು, ಮಲಗಿ ತಲೆ ಎತ್ತಿದರೆ ಹೊಟ್ಟೆ ನಡುವೆ ದೋಣಿಯ ಬೆನ್ನಿನ ಹಾಗೆ ಉಬ್ಬುತ್ತಿತ್ತು. ಅದಕ್ಕೇ ಮಲಗಿ ಏಳುವ ವ್ಯಾಯಾಮ ಆಗ ಬೇಡ ಅಂದರು. ಭಾರ ಎತ್ತುವಾಗ ಉಸಿರು ಬಿಡುತ್ತಾ ಎತ್ತಬೇಕು ಅಂತಲೂ ಹೇಳಿಕೊಟ್ಟರು.

ತಿರುಗಿ ಜಿಮ್‌ಗೆ ಹೋಗುವ ಮೊದಲು ಟ್ರೈನರ್‌ಗೆ ಒಂದು ಮೆಸೇಜ್ ಹಾಕಿದೆ. "ಹೆರಿಗೆ ನಂತರದ ಒಂದು ತೊಂದರೆಗೆ ಚಿಕಿತ್ಸೆ ತೆಗೆದುಕೊಳ್ಳುತ್ತಿದ್ದೇನೆ. ನೆಗೆಯೋದು, ಓಡೋದು ಬೇಡ. ಮಲಗಿ ಏಳುವ ಹೊಟ್ಟೆಯ ವ್ಯಾಯಾಮ ಬೇಡ. ಕಾರಣ ಕೇಳಬೇಡಿ." ಅಷ್ಟೇ. "ಓಕೆ ಮೇಡಂ" ಅಂತ ಬಂತು. ನೆಗೆಯೋದರ ಬದಲು ಮಣೆ ಹತ್ತಿ ಇಳಿಯೋದು ಕೊಟ್ಟರು. ಎಲ್ಲವನ್ನೂ ವಿವರಿಸಬೇಕು ಅಂತ ಏನೂ ಇಲ್ಲ ಅಕ್ಕ. ಬೇಡ ಅನ್ನೋದಕ್ಕೆ ಬೇಡ ಅಂದರೆ ಸಾಕಾಗುತ್ತದೆ.

ಪ್ಯಾಂಟ್ ಮಾತ್ರ ಕಪ್ಪು. ಹುಬ್ಬಳ್ಳಿ ಅಕ್ಕ ಬೂದು ಬೇಡ ಅಂದದ್ದನ್ನು ಓದಿ ಒಬ್ಬಳೇ ನಕ್ಕೆ.

---

ಕೆರೆ_ಸುತ್ತು ಉತ್ತರ:

ಎಲ್ಲವನ್ನೂ ಎರಡೆರಡು ಸಲ ಓದಿದೆ. ಮಂಗಳೂರಿನ ತಂಗಿಯ ಬಾಟಲಿ ಓದಿ ನಕ್ಕೆ, ಆಮೇಲೆ ಅವರಮ್ಮನ ಕೆಮ್ಮು ಓದಿ ಸುಮ್ಮನಾದೆ. ನಮ್ಮಮ್ಮನೂ ಹಾಗೇ ಕೆಮ್ಮುತ್ತಾರೆ.

ಸೋಮವಾರ ರಾತ್ರಿ ಟ್ರೈನರ್‌ಗೆ ಮೆಸೇಜ್ ಬರೆಯೋಕೆ ಕೂತೆ. ಮೊದಲು ಬರೆದದ್ದು ಅರ್ಜಿಯ ಹಾಗಿತ್ತು, ಮಾನ್ಯರೇ ಒಂದು ಬಾಕಿ. ಎರಡನೆಯದರಲ್ಲಿ ನನ್ನ ಬಾಲ್ಯದಿಂದ ಶುರು ಮಾಡಿ, ಸೋದರತ್ತೆ ಮದುವೆ ಮನೆಯಲ್ಲಿ ಎಲ್ಲರ ಮುಂದೆ ನನ್ನ ತೋಳು ಹಿಂಡಿ "ಯಾವ ಅಂಗಡಿ ಅಕ್ಕಿನೇ ಇದು" ಅಂದದ್ದರ ತನಕ ಬರೆದಿದ್ದೆ. ಅಳಿಸಿದೆ. ಕೊನೆಗೆ ಹೋಗಿದ್ದು ಇಷ್ಟು: "ತೂಕ ಅಲ್ಲಿ ನೋಡೋದು ಬೇಡ, ಮನೆಯಲ್ಲಿ ನೋಡಿಕೊಳ್ಳುತ್ತೇನೆ. ಟೇಪೂ ನಾನೇ. ಫೋಟೋ ತೆಗೆಯಬೇಡಿ. ಬೆಳಿಗ್ಗೆ 11ಕ್ಕೆ ಬರಬಹುದಾ? ನೆಲದಿಂದ ಏಳೋದು ಕಲಿಸಿ."

ನೀಲಿ ಟಿಕ್ ಬಂತು. ಉತ್ತರ ಬರಲಿಲ್ಲ. ಒಂದೂವರೆ ಗಂಟೆ ನಾನು ಏನೇನು ಕಲ್ಪಿಸಿಕೊಂಡೆ ಅಂತ ಕೇಳಬೇಡಿ. ಆಮೇಲೆ ಬಂತು: "ಸರಿ ಮೇಡಂ. ನಾಳಿದ್ದು 11ಕ್ಕೆ ಬನ್ನಿ. ಟವೆಲ್ ತನ್ನಿ." ಅಷ್ಟೇ! ನನ್ನ ಮೂರು ವಾರದ ಸಂಕಟಕ್ಕೆ ಟವೆಲ್ ತನ್ನಿ ಅಂತ ಉತ್ತರ. ಸ್ವಲ್ಪ ಸಿಟ್ಟೇ ಬಂತು ಸತ್ಯ ಹೇಳಬೇಕೆಂದರೆ.

ಇವತ್ತು ಹೋಗಿದ್ದೆ. ಸೈಕಲ್ ಮೇಲೆ ಒಬ್ಬರು ವಯಸ್ಸಾದವರು ಮೊಬೈಲ್‌ನಲ್ಲಿ ಜೋರಾಗಿ ವಾರ್ತೆ ಹಾಕಿಕೊಂಡು ತುಳಿಯುತ್ತಿದ್ದರು, ಬೇರೆ ಯಾರೂ ಇಲ್ಲ. ಹೊಸ ನೀಲಿ ಟೀಶರ್ಟ್, ಕತ್ತು ಮುಚ್ಚಿದ್ದು. ಕಂಬದ ಹಿಂದೆ ಕನ್ನಡಿ ಕಾಣದ ಒಂದು ಮೂಲೆ ಇದೆ, ಅಲ್ಲೇ ಮಾಡೋಣ ಅಂದೆ. ಸರಿ ಅಂದ. 8 ಕೆಜಿಯ ಹಿಡಿ ಇರುವ ಗುಂಡು ಕೊಟ್ಟು ನೆಲದಿಂದ ಎತ್ತಿಸಿದ, ಆಮೇಲೆ 12. ಇಡೀ ಮುಕ್ಕಾಲು ಗಂಟೆ ಅವನ ಬಾಯಲ್ಲಿ ಬಂದದ್ದು ಒಂದೇ: "ಹಿಮ್ಮಡಿ ಮೇಡಂ, ಹಿಮ್ಮಡಿ ಏಳ್ತಿದೆ." ಕಬ್ಬಿಣದವರು ಬರೆದ ನೋಟ್‌ಬುಕ್ ನೆನಪಾಗಿ ನಗು ಬಂದು ಗುಂಡು ಕೆಳಗಿಟ್ಟೆ. ನೆಲದಿಂದ ಏಳೋದು ಇನ್ನೂ ಬೆಂಚ್ ಹಿಡಿದೇ. ಆದರೆ ಅಯ್ಯಪ್ಪನನ್ನು ಕರೆಯಲಿಲ್ಲ.

ಹೊರಡುವಾಗ ಕೇಳಿದ, "ಅತ್ತೆ ಹೇಗಿದ್ದಾರೆ ಮೇಡಂ ಈಗ?"

ಚಕ್ಕುಲಿ ಅಗಿಯೋಷ್ಟು ಹುಷಾರಾಗಿದ್ದಾರೆ ಅಂದೆ.

ಈಗ ಸಂಜೆ. ಮೆಟ್ಟಿಲು ಇಳಿಯೋಕೆ ಆಗುತ್ತಿಲ್ಲ, ತೊಡೆ ನಡುಗುತ್ತಿದೆ. ಇದು ಎಷ್ಟು ದಿನ ಕಬ್ಬಿಣದವರೇ?

---

ಕಬ್ಬಿಣ_ಎತ್ತೋನು ಉತ್ತರ:

ನಾಳೆ, ನಾಳಿದ್ದು ಇನ್ನೂ ಜಾಸ್ತಿ ಆಗುತ್ತೆ ಮೇಡಂ, ಹೆದರಬೇಡಿ. ಎರಡನೇ ಮೂರನೇ ದಿನ ಮೇಲಕ್ಕೇರಿ ಆಮೇಲೆ ಇಳಿಯುತ್ತದೆ. ಮಲಗಿಬಿಡಬೇಡಿ, ಕೆರೆ ಕಡೆ ನಿಧಾನಕ್ಕೆ ಒಂದರ್ಧ ಸುತ್ತು ಹಾಕಿ. ಮೂತ್ರ ಕಪ್ಪು ಕಾಫಿಯ ಬಣ್ಣಕ್ಕೆ ತಿರುಗಿದರೆ ಅಥವಾ ತೊಡೆ ಊದಿಕೊಂಡರೆ ಮಾತ್ರ ತಡ ಮಾಡದೇ ಡಾಕ್ಟರ್ ಹತ್ತಿರ ಹೋಗಿ, ಅದು ಬೇರೆ ತೊಂದರೆ. ಮುಂದಿನ ಕ್ಲಾಸ್ ಯಾವತ್ತು?

ಕೆರೆ_ಸುತ್ತು ಉತ್ತರ:

ಶನಿವಾರ 11ಕ್ಕೆ. ಸದ್ಯ ಬಾತ್‌ರೂಮಿನಲ್ಲಿ ಕೂತವಳು ಬಕೆಟ್ ಹಿಡಿದು ಎದ್ದು ಬಂದಿದ್ದೇನೆ.